ಪಾಳಿ ಪಟ್ಟಿ, ನೋಟಿಸ್ ಮತ್ತು ಒಂದು ಅಲಾರಂ: ಅಪಘಾತದ ನಂತರದ ಗೋದಾಮಿನ ಪ್ರಕರಣ

ಕೆಲಸದ ಸ್ಥಳದಲ್ಲಿ ಸಾವು ಸಂಭವಿಸಿದ ಮೇಲೆ ಸಿಬ್ಬಂದಿಯ ಮನಸ್ಸಿಗೆ ಆಗುವ ಹಾನಿಯಲ್ಲಿ ಘಟನೆಯ ಪಾಲೆಷ್ಟು, ಆ ಬಳಿಕ ಆಡಳಿತ ತೆಗೆದುಕೊಂಡ ನಿರ್ಧಾರಗಳ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಈ ಪ್ರಕರಣದಲ್ಲಿ ಬಹುಮಟ್ಟಿಗೆ ಸಾಧ್ಯವಾಯಿತು. ಪಾಳಿ ಪಟ್ಟಿ, ಹಾಜರಾತಿ, ದುರಸ್ತಿ ಪುಸ್ತಕ, ಕೊಟ್ಟ ನೋಟಿಸುಗಳ ಪ್ರತಿ, ಎಲ್ಲವೂ ದಿನಾಂಕ ಸಮೇತ ಅಚ್ಚುಕಟ್ಟಾಗಿ ಉಳಿದಿದ್ದವು. ಹೊರಗಿನವರ ಸಲಹೆ ಬೇಕೆಂದು ಸಂಸ್ಥೆ ನನ್ನನ್ನು ಕರೆಸಿಕೊಂಡಾಗ ಅಪಘಾತವಾಗಿ ಎರಡು ತಿಂಗಳು ದಾಟಿತ್ತು. ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ, ವ್ಯಕ್ತಿಗಳನ್ನು ಹುದ್ದೆಯಿಂದಷ್ಟೇ ಕರೆದಿದ್ದೇನೆ. ನಿರ್ಧಾರಗಳು ಯಾವ ಕ್ರಮದಲ್ಲಿ ನಡೆದವೋ ಅದನ್ನು ಮಾತ್ರ ಮುಟ್ಟಿಲ್ಲ.

ಹಿನ್ನೆಲೆ

ದೊಡ್ಡದೊಂದು ಸರಕು ಗೋದಾಮು, ಮೂರು ಪಾಳಿಗಳ ಕೆಲಸ. ರಾತ್ರಿ ಪಾಳಿಯ ಇಪ್ಪತ್ತು ಚಿಲ್ಲರೆ ಮಂದಿ ವರ್ಷಗಳಿಂದ ಒಟ್ಟಿಗೆ ದುಡಿದವರು. ಒಂದು ರಾತ್ರಿ ಹಿಂದಕ್ಕೆ ಬರುತ್ತಿದ್ದ ಫೋರ್ಕ್‌ಲಿಫ್ಟ್ ರ‍್ಯಾಕಿನ ಕಂಬಕ್ಕೆ ತಾಗಿತು. ಅಷ್ಟೇನೂ ಜೋರಿನ ಪೆಟ್ಟಲ್ಲ. ಆದರೂ ಕಂಬ ಮಡಚಿಕೊಂಡು ಮೇಲಿನ ಅಂತಸ್ತುಗಳ ಸರಕು ಪ್ಯಾಲೆಟ್ ಸಮೇತ ಕುಸಿಯಿತು. ಪಕ್ಕದ ಸಾಲಿನಲ್ಲಿ ಪೆಟ್ಟಿಗೆ ಎಣಿಸುತ್ತಿದ್ದ ಸಹೋದ್ಯೋಗಿ ಅದರಡಿ ಸಿಲುಕಿ ಅಸುನೀಗಿದರು. ಪಾಳಿ ಮುಖ್ಯಸ್ಥೆಯೂ ಇನ್ನಿಬ್ಬರೂ ಸೇರಿ ಅವರನ್ನು ಹೊರಗೆಳೆದರು. ಚಾಲಕರು ಗಾಬರಿಯಿಂದ ಕೆಳಗೆ ಜಿಗಿದಿದ್ದರಿಂದ ಗಾಡಿ ರಿವರ್ಸ್ ಗೇರಿನಲ್ಲೇ ಉಳಿದಿತ್ತು. ಆಂಬುಲೆನ್ಸ್ ಬರುವವರೆಗೂ ಅದರ ಬೀಪ್ ಸದ್ದು ನಿಲ್ಲಲಿಲ್ಲ, ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಚಾಲಕರೂ ಮೃತರೂ ದಿನವೂ ಒಂದೇ ವಾಹನದಲ್ಲಿ ಕೆಲಸಕ್ಕೆ ಬರುತ್ತಿದ್ದ ಸ್ನೇಹಿತರು.

ಇನ್ನೊಂದು ಸಂಗತಿಯಿದೆ, ಇಡೀ ಪ್ರಕರಣ ಅದರ ಸುತ್ತಲೇ ಸುತ್ತುತ್ತದೆ. ಆ ಕಂಬ ಹಿಂದೆಯೂ ಪೆಟ್ಟು ತಿಂದಿತ್ತು. ಬಾಗಿದೆಯೆಂದು ಪಾಳಿ ಮುಖ್ಯಸ್ಥೆ ದುರಸ್ತಿ ಪುಸ್ತಕದಲ್ಲಿ ಬರೆದಿದ್ದರು. ಅದರ ಮುಂದಿನ ‘ಕೈಗೊಂಡ ಕ್ರಮ’ ಕಾಲಂ ಖಾಲಿ ಇತ್ತು. ರ‍್ಯಾಕುಗಳ ಬಳಕೆಗೆ ಸಂಬಂಧಿಸಿದ ಯುರೋಪಿನ ಮಾನದಂಡ ಇಎನ್ 15635, ಹಾನಿಯನ್ನು ಹಸಿರು, ಕಿತ್ತಳೆ, ಕೆಂಪು ಎಂದು ವಿಂಗಡಿಸುತ್ತದೆ. ಕೆಂಪಾದರೆ ಆ ಭಾಗದ ಸರಕನ್ನು ತಕ್ಷಣ ಇಳಿಸಲೇಬೇಕು. ಈ ಗೋದಾಮಿನಲ್ಲಿ ಅಂಥ ವಿಂಗಡಣೆ ಯಾವುದೂ ಇರಲಿಲ್ಲ. ಪುಸ್ತಕವಿತ್ತು, ಪೆನ್ನಿತ್ತು, ಓದುವವರಿರಲಿಲ್ಲ.

ಮೊದಲ ವಾರ

ಆಡಳಿತದವರು ಕಲ್ಲುಹೃದಯದವರೇನೂ ಆಗಿರಲಿಲ್ಲ. ಗೋದಾಮಿನ ಮ್ಯಾನೇಜರ್ ಮೃತರ ಮನೆಗೆ ಹೋಗಿ ಬಂದರು, ಪರಿಹಾರದ ಕಾಗದಗಳನ್ನು ತಾವೇ ನಿಂತು ಮುಗಿಸಿಕೊಟ್ಟರು. ಮುಂದೆ ಹೇಳುವ ಮೂರು ಹೆಜ್ಜೆಗಳನ್ನೂ ಅವರು ಒಳ್ಳೆಯ ಉದ್ದೇಶದಿಂದಲೇ ಇಟ್ಟರು.

ಮೊದಲನೆಯದು, ಮೂರನೆಯ ದಿನ ನಡೆಸಿದ ಗುಂಪು ಸಭೆ. ಹೊರಗಿನಿಂದ ಆಪ್ತಸಮಾಲೋಚಕರೊಬ್ಬರನ್ನು ಕರೆಸಿ, ರಾತ್ರಿ ಪಾಳಿಯ ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿದರು. ಏನು ಕಂಡಿರಿ, ಆಗ ಏನನ್ನಿಸಿತು ಎಂದು ಒಬ್ಬೊಬ್ಬರೂ ಸರದಿಯ ಮೇಲೆ ಹೇಳಬೇಕಿತ್ತು. ಯಾರೂ ತಪ್ಪಿಸಿಕೊಳ್ಳಬಾರದೆಂದು ಹಾಜರಾತಿಯನ್ನೂ ಹಾಕಿದರು. ಅಪಘಾತದ ಹೊತ್ತಿನಲ್ಲಿ ಗೋದಾಮಿನ ಇನ್ನೊಂದು ತುದಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಯುವತಿಯೊಬ್ಬರು ಏನನ್ನೂ ನೋಡಿರಲಿಲ್ಲ. ಆ ದಿನ ಕುಳಿತಲ್ಲೇ ಎಲ್ಲವನ್ನೂ ಕೇಳಿಸಿಕೊಂಡರು. ಅವರ ನಿದ್ದೆ ಕೆಟ್ಟದ್ದು ಅಪಘಾತದ ರಾತ್ರಿಯಿಂದಲ್ಲ, ಆ ಸಭೆಯ ರಾತ್ರಿಯಿಂದ. ಚಾಲಕರ ಸರದಿ ಬಂದಾಗ ಅವರು ಮಾತೇ ಆಡಲಿಲ್ಲ. ಎದುರಿಗೆ ಕುಳಿತವರಲ್ಲಿ ಕೆಲವರು ಮನಸ್ಸಿನಲ್ಲೇ ತಮ್ಮನ್ನು ದೂರುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು.

ಇಂಥ ಸಭೆಗೆ ಡಿಬ್ರೀಫಿಂಗ್ ಎನ್ನುತ್ತಾರೆ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಇದನ್ನು ತುರ್ತು ಸೇವೆಗಳ ಸಿಬ್ಬಂದಿಗಾಗಿ ರೂಪಿಸಿದಾಗ ಒಟ್ಟಾಗಿ ದುಡಿಯುವ, ತರಬೇತಿ ಪಡೆದ ತಂಡಗಳು ಅವರ ಮನಸ್ಸಿನಲ್ಲಿದ್ದವು. ಆಮೇಲೆ ಅದು ಕಂಡಕಂಡಲ್ಲಿ ಹರಡಿತು. ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದ 2002ರ ಕಾಕ್ರೇನ್ ವಿಮರ್ಶೆ, ಒಬ್ಬೊಬ್ಬರಿಗೆ ಒಂದೇ ಬಾರಿ ನಡೆಸುವ ಡಿಬ್ರೀಫಿಂಗ್‌ನಿಂದ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ತಪ್ಪುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲವೆಂದು ಹೇಳಿತು. ಅದು ಪರಿಶೀಲಿಸಿದ ಒಂದು ಪ್ರಯೋಗದಲ್ಲಂತೂ ಡಿಬ್ರೀಫಿಂಗ್ ಪಡೆದವರಲ್ಲೇ ತೊಂದರೆ ಹೆಚ್ಚಾಗಿತ್ತು. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಪಿಟಿಎಸ್‌ಡಿ ತಡೆಗಾಗಲಿ ಚಿಕಿತ್ಸೆಗಾಗಲಿ ಇದನ್ನು ನೀಡಬೇಡಿ ಎಂದು ನೇರವಾಗಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಬೇರೆಯದೇ ದಾರಿ ತೋರಿಸುತ್ತದೆ. ಯಾರಿಗೆ ಏನು ಬೇಕೆಂದು ನೋಡಿ, ಅವರಾಗಿಯೇ ಹೇಳಿದರೆ ಕೇಳಿ, ಬೇಕಾದ ನೆರವಿನೊಂದಿಗೆ ಜೋಡಿಸಿ, ಕೆದಕಬೇಡಿ. ಇಷ್ಟೆಲ್ಲ ಗೊತ್ತಿರುವ ಕಾಲದಲ್ಲೂ ಸಂಸ್ಥೆಗಳು ಮೊದಲು ಕೈಹಾಕುವುದು ಕಡ್ಡಾಯದ ಗುಂಪು ಸಭೆಗೇ. ಏನೋ ಮಾಡಿದೆವು ಎಂಬುದಕ್ಕೆ ಅಲ್ಲಿ ಹಾಜರಾತಿಯ ದಾಖಲೆ ಸಿಗುತ್ತದೆ ಎಂಬುದು ನನ್ನ ಅನುಮಾನ.

ಎರಡನೆಯದು ವಿಚಾರಣೆ. ಸುರಕ್ಷತಾ ಅಧಿಕಾರಿ, ವಿಮೆಯವರು, ಮಾನವ ಸಂಪನ್ಮೂಲ ಅಧಿಕಾರಿ ಮೂವರೂ ಬೇರೆ ಬೇರೆಯಾಗಿ ಚಾಲಕರಿಂದ ಅದೇ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿದರು. ‘ನಿಮಗೇನಾದರೂ ಬೇಕಿದ್ದರೆ ನನ್ನ ಬಳಿ ಬನ್ನಿ’ ಎಂದು ತಂಡಕ್ಕೆ ಹೇಳಿದ್ದ ಮಾನವ ಸಂಪನ್ಮೂಲ ಅಧಿಕಾರಿಯೇ ವಿಚಾರಣಾ ಸಮಿತಿಯಲ್ಲೂ ಕುಳಿತಿದ್ದರು. ಅವರ ಕೋಣೆಗೆ ಆಮೇಲೆ ಯಾರೂ ಹೋಗಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನಿದೆ?

ಮೂರನೆಯದು ಅಪಘಾತ ನಡೆದ ಸಾಲನ್ನು ಮತ್ತೆ ತೆರೆದದ್ದು. ಜನರ ಕಣ್ಣಿಗೆ ಗುರುತುಗಳು ಬೀಳಬಾರದೆಂದು ಹಗಲಿನಲ್ಲೇ ನೆಲ ತೊಳೆಸಿ, ಹೊಸ ಬಣ್ಣ ಬಳಿಸಿ, ಹೊಸ ಕಂಬ ನಿಲ್ಲಿಸಿದ್ದರು. ರಾತ್ರಿ ಪಾಳಿಯವರು ಬಂದಾಗ ಆ ಸಾಲಿನಲ್ಲಿ ಎಂದಿನಂತೆ ಸರಕು ಓಡಾಡುತ್ತಿತ್ತು. ಮುಂಚಿತವಾಗಿ ಯಾರಿಗೂ ಒಂದು ಮಾತು ಹೇಳಿರಲಿಲ್ಲ. ‘ಏನೂ ಆಗಿಯೇ ಇಲ್ಲ ಎನ್ನುವಂತೆ ಮಾಡಿದ್ದರು’ ಎಂದು ಪಾಳಿ ಮುಖ್ಯಸ್ಥೆ ಆಮೇಲೆ ನನಗೆ ಹೇಳಿದರು. ಮರೆಮಾಚುವ ಉದ್ದೇಶ ಮ್ಯಾನೇಜರಿಗೆ ಇರಲಿಲ್ಲ. ಆದರೆ ಬಾಗಿದ ಕಂಬದ ದೂರು ಪುಸ್ತಕದಲ್ಲಿ ಹಾಗೆಯೇ ಉಳಿದಿದ್ದ ಗೋದಾಮಿನಲ್ಲಿ ಹೊಸ ಕಂಬ ಕಂಡವರಿಗೆ ಬೇರೆ ಅರ್ಥ ಹೊಳೆಯುವುದು ಕಷ್ಟ.

ಸಮಸ್ಯೆ ಬೆಳೆದ ಬಗೆ

ಇಂಥ ಘಟನೆಯ ಮೊದಲ ಕೆಲವು ವಾರಗಳಲ್ಲಿ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ದೃಶ್ಯ ಮರುಕಳಿಸುವುದು ಸಹಜ. ಹೆಚ್ಚಿನವರು ಯಾವ ಚಿಕಿತ್ಸೆಯೂ ಇಲ್ಲದೆ ಮನೆಯವರ, ಜೊತೆಗಾರರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಪಿಟಿಎಸ್‌ಡಿ ಎಂದು ಗುರುತಿಸಬೇಕಾದರೆ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದಿರಬೇಕು, ಬದುಕಿಗೆ ಅಡ್ಡಿಯಾಗುವಷ್ಟು ತೀವ್ರವಾಗಿರಬೇಕು. ಹಾಗಾಗಿ ಎರಡನೆಯ ತಿಂಗಳ ಹೊತ್ತಿಗೆ ತಂಡ ನಿಧಾನವಾಗಿ ತಹಬಂದಿಗೆ ಬರುತ್ತದೆಂಬ ನಿರೀಕ್ಷೆ ತಪ್ಪಲ್ಲ. ಇಲ್ಲಿ ಆದದ್ದು ತದ್ವಿರುದ್ಧ. ಹಾಜರಾತಿ ಪುಸ್ತಕದಲ್ಲಿ ಗೈರುಹಾಜರಿ ಮೊದಲ ತಿಂಗಳಿಗಿಂತ ಎರಡನೆಯ ತಿಂಗಳಲ್ಲಿ ಹೆಚ್ಚು. ಸರಕು ಎಣಿಕೆಯಲ್ಲಿ ತಪ್ಪು, ಕ್ಷುಲ್ಲಕ ಕಾರಣಕ್ಕೆ ಜಗಳ, ಇಬ್ಬರಿಂದ ವರ್ಗಾವಣೆಯ ಕೋರಿಕೆ. ಅದೇ ಅವಧಿಯಲ್ಲಿ, ಖಾಲಿಯಾದ ಜಾಗ ತುಂಬಲೆಂದು ಪಾಳಿ ಪಟ್ಟಿ ವಾರದ ನಡುವೆಯೇ ಬದಲಾಗುತ್ತಿತ್ತು. ಕೆಲವೊಮ್ಮೆ ಮಧ್ಯಾಹ್ನ ಫೋನ್ ಮಾಡಿ ಆ ರಾತ್ರಿಯೇ ಬರಲು ಹೇಳುತ್ತಿದ್ದರು. ಮೊದಲೇ ಎಚ್ಚರದ ತುದಿಯಲ್ಲಿ ನಿಂತಿದ್ದ ಮನಸ್ಸುಗಳಿಗೆ ಯಾವ ಕ್ಷಣ ಫೋನ್ ಬರುತ್ತದೋ ಎಂಬ ಇನ್ನೊಂದು ಕಾಯುವಿಕೆ ಸೇರಿಕೊಂಡಿತು.

ಇಬ್ಬರ ಸ್ಥಿತಿ ವಿಶೇಷವಾಗಿ ಗಮನಿಸಬೇಕಾದದ್ದು. ಪಾಳಿ ಮುಖ್ಯಸ್ಥೆ ಕೆಲಸಕ್ಕೆ ಒಂದು ತಾಸು ಮೊದಲೇ ಬರತೊಡಗಿದರು. ಟಾರ್ಚ್ ಹಿಡಿದು ಪ್ರತಿ ಕಂಬವನ್ನೂ ಮುಟ್ಟಿ ನೋಡುತ್ತಿದ್ದರು. ಪಾಳಿಯ ನಡುವೆ ಇನ್ನೊಮ್ಮೆ, ಮುಗಿದ ಮೇಲೆ ಮತ್ತೊಮ್ಮೆ. ಮ್ಯಾನೇಜರ್ ಸಭೆಯಲ್ಲಿ ಇದನ್ನು ಎತ್ತಿ ಹೇಳಿ ‘ಇಂಥ ನಿಷ್ಠೆ ಎಲ್ಲರಿಗೂ ಬರಬೇಕು’ ಎಂದು ಹೊಗಳಿದರು. ರೋಗಲಕ್ಷಣಕ್ಕೆ ಬಹುಮಾನ ಕೊಟ್ಟಂತಾಯಿತು. ಆಘಾತ ಎಂದರೆ ಕುಗ್ಗಿ ಕೂರುವುದು, ಅಳುವುದು ಎಂದೇ ಹೆಚ್ಚಿನ ಮುಖ್ಯಸ್ಥರು ತಿಳಿದಿರುತ್ತಾರೆ. ಅತಿಯಾದ ಶ್ರದ್ಧೆಯ ವೇಷದಲ್ಲೂ ಅದು ಬರಬಹುದೆಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಅದೇ ಪಾಳಿ ಮುಖ್ಯಸ್ಥೆ ಹೊಸದಾಗಿ ಸೇರಿದ ಹುಡುಗನೊಬ್ಬ ರ‍್ಯಾಕಿನ ಕೆಳಗೆ ಅರೆಕ್ಷಣ ನಿಂತದ್ದಕ್ಕೆ ಎಲ್ಲರೆದುರು ಕೂಗಾಡಿ, ಕೈಯಲ್ಲಿದ್ದ ಫೈಲನ್ನು ಎಸೆದಿದ್ದರು. ‘ಪಾಪ, ಅವರು ಅಷ್ಟೆಲ್ಲ ಅನುಭವಿಸಿದ್ದಾರೆ’ ಎಂದು ಅದನ್ನೂ ಬಿಟ್ಟುಬಿಟ್ಟರು. ಹುಡುಗ ವರ್ಗಾವಣೆ ಕೇಳಿದ ಇಬ್ಬರಲ್ಲಿ ಒಬ್ಬನಾದ.

ಚಾಲಕರನ್ನು ‘ಅವರ ಒಳ್ಳೆಯದಕ್ಕಾಗಿ’ ಗಾಡಿಯಿಂದ ಇಳಿಸಿ ಬಿಲ್ಲುಗಳ ವಿಭಾಗಕ್ಕೆ ಹಾಕಿದ್ದರು. ಅವರನ್ನು ಒಂದು ಮಾತು ಕೇಳಿರಲಿಲ್ಲ. ಗೋದಾಮಿನಲ್ಲಿ ಎಲ್ಲರೂ ಇದನ್ನು ತೀರ್ಪೆಂದೇ ಓದಿಕೊಂಡರು, ಅವರೂ ಹಾಗೆಯೇ. ಕೆಲಸಕ್ಕೆ ಬರುವುದು ತಪ್ಪಿಸತೊಡಗಿದರು. ಗೈರುಹಾಜರಿಗೆ ಮೊದಲ ನೋಟಿಸ್ ಹೋಯಿತು. ನೋಟಿಸಿನ ಭಾಷೆ ಎಲ್ಲರಿಗೂ ಕಳಿಸುವ ಅಚ್ಚಿನದೇ: ‘ಸಮಾಧಾನಕರ ವಿವರಣೆ ನೀಡದಿದ್ದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.’ ಗಾಯದ ಮೇಲೆ ಬರೆ ಎಳೆದದ್ದು ಯಾರೋ ಒಬ್ಬರಲ್ಲ, ಕಂಪ್ಯೂಟರಿನಲ್ಲಿದ್ದ ನಮೂನೆ. ಎರಡನೆಯ ನೋಟಿಸು ಸಹಿಗಾಗಿ ಮ್ಯಾನೇಜರ ಮೇಜಿನ ಮೇಲಿದ್ದಾಗ ಮಾನವ ಸಂಪನ್ಮೂಲ ಅಧಿಕಾರಿ ಅದನ್ನು ತಡೆಹಿಡಿದು ಹೊರಗಿನ ಸಲಹೆ ಕೇಳೋಣವೆಂದರು. ಆ ತಡೆಯೇ ಮೊದಲ ತಿರುವು, ಅದರ ಶ್ರೇಯಸ್ಸು ಅವರದು.

ಏನು ಮಾಡಿದೆವು

ಮ್ಯಾನೇಜರಿಗೆ ನಾನು ಮನಸ್ಸು, ಆಘಾತ ಎಂದು ಭಾಷಣ ಮಾಡಲು ಹೋಗಲಿಲ್ಲ. ಅಮೆರಿಕದ ಮಾನಸಿಕ ಆರೋಗ್ಯ ಸೇವೆಗಳ ಸಂಸ್ಥೆ ಸಾಮ್ಹ್ಸಾ 2014ರಲ್ಲಿ ಆಘಾತದ ಅರಿವುಳ್ಳ ವ್ಯವಸ್ಥೆಗೆ ಆರು ತತ್ವಗಳನ್ನು ಹೇಳಿತು: ಸುರಕ್ಷತೆ, ಪಾರದರ್ಶಕತೆಯೊಂದಿಗೆ ವಿಶ್ವಾಸಾರ್ಹತೆ, ಜೊತೆಗಾರರ ಬೆಂಬಲ, ಸಹಯೋಗ, ಮಾತಿಗೂ ಆಯ್ಕೆಗೂ ಅವಕಾಶ, ಸಂಸ್ಕೃತಿ-ಇತಿಹಾಸ-ಲಿಂಗದ ಸೂಕ್ಷ್ಮಗಳ ಅರಿವು. ಗೋಡೆಗೆ ಅಂಟಿಸಲು ಚೆನ್ನಾಗಿದೆ. ಆದರೆ ಮ್ಯಾನೇಜರ ಕೈಗೆ ಕೊಟ್ಟರೆ ‘ಸರಿ, ನಾಳೆ ಬೆಳಿಗ್ಗೆ ನಾನೇನು ಮಾಡಲಿ?’ ಎಂದು ಕೇಳುತ್ತಾರೆ, ಕೇಳಲೇಬೇಕು. ಅದಕ್ಕೇ ಪಾಳಿ ಪಟ್ಟಿ, ನೋಟಿಸುಗಳು, ದುರಸ್ತಿ ಪುಸ್ತಕ, ಈ ಮೂರನ್ನು ಮೇಜಿನ ಮೇಲೆ ಹರಡಿ, ಯಾವ ನಿರ್ಧಾರ ಯಾರನ್ನೂ ಕೇಳದೆ ಆಯಿತು, ಯಾವುದು ಮುನ್ಸೂಚನೆಯಿಲ್ಲದೆ ಆಯಿತು, ಯಾವುದು ಅರ್ಧ ಹೇಳಿ ಅರ್ಧ ಮುಚ್ಚಿಟ್ಟಂತೆ ಕಂಡಿತು ಎಂದು ಗುರುತು ಹಾಕುತ್ತ ಹೋದೆವು. ಮ್ಯಾನೇಜರ್ ತಾವೇ ಪೆನ್ಸಿಲ್ ಹಿಡಿದರು. ಪುಟಗಳು ಬೇಗ ತುಂಬಿದವು.

ಸುಲಭವಾದವು ಮೊದಲಾದವು. ವಿಚಾರಣೆಗೂ ನೆರವಿಗೂ ಬೇರೆ ಬೇರೆ ವ್ಯಕ್ತಿಗಳನ್ನು ನೇಮಿಸಿದರು. ಚಾಲಕರ ಹೇಳಿಕೆಯನ್ನು ಇನ್ನು ಮುಂದೆ ಯಾರೂ ಹೊಸದಾಗಿ ಕೇಳದೆ, ಬರೆದಿಟ್ಟದ್ದನ್ನೇ ಓದಬೇಕೆಂದಾಯಿತು. ಪಾಳಿ ಪಟ್ಟಿಯನ್ನು ಎರಡು ವಾರ ಮೊದಲೇ ಹಾಕಬೇಕು, ಹಾಕಿದ ಮೇಲೆ ಬದಲಿಸಬೇಕಾದರೆ ಆ ವ್ಯಕ್ತಿಯ ಒಪ್ಪಿಗೆ ಬೇಕು ಎಂದಾಯಿತು. ಬೇರೆ ಪಾಳಿಯವರು ‘ಅವರಿಗೇನು ವಿಶೇಷ?’ ಎಂದು ಗೊಣಗಿದಾಗ ಮ್ಯಾನೇಜರ್ ಆ ನಿಯಮವನ್ನು ಎಲ್ಲ ಪಾಳಿಗಳಿಗೂ ವಿಸ್ತರಿಸಿದರು. ಜಾಣ ನಡೆ. ಇದರಿಂದ ಸೌಲಭ್ಯ ಬೇಕಾದವರು ತಾವು ಆಘಾತಗೊಂಡವರೆಂದು ಸಾಬೀತುಪಡಿಸುವ ಅಗತ್ಯವೂ ತಪ್ಪಿತು.

ಕಷ್ಟವಾದದ್ದು ದುರಸ್ತಿ ಪುಸ್ತಕದ ವಿಷಯ. ದೂರು ಬಂದಿತ್ತು, ಕೆಲಸ ಆಗಿರಲಿಲ್ಲ ಎಂಬುದನ್ನು ತಂಡದೆದುರು ಹೇಳಬೇಕೆಂದು ನಾನು ಒತ್ತಾಯಿಸಿದೆ. ಸಂಸ್ಥೆಯ ವಕೀಲರು ಸುತಾರಾಂ ಒಪ್ಪಲಿಲ್ಲ. ಕ್ಷಮೆ ಕೇಳಿದರೆ ತಪ್ಪೊಪ್ಪಿಕೊಂಡಂತೆ, ಮೊಕದ್ದಮೆಯಲ್ಲಿ ಅದೇ ನಮಗೆ ಮುಳುವಾಗುತ್ತದೆ ಎಂದರು. ಅವರ ಕಾಳಜಿ ಹುಸಿಯಲ್ಲ. ಆದರೆ ಸುಮ್ಮನಿರುವುದಕ್ಕೂ ಬೆಲೆಯಿದೆ. ತಾವು ನಂಬಿ ಆಶ್ರಯಿಸಿದ ಸಂಸ್ಥೆಯೇ ಹಾನಿಯನ್ನು ತಡೆಯದೆ ಹೋದಾಗ ಅಥವಾ ನಡೆದದ್ದನ್ನು ಮುಚ್ಚಲು ನೋಡಿದಾಗ ಆಘಾತದ ಪರಿಣಾಮ ಇನ್ನಷ್ಟು ಬಿಗಡಾಯಿಸುತ್ತದೆಂದು ಮನಃಶಾಸ್ತ್ರಜ್ಞರಾದ ಕಾರ್ಲಿ ಸ್ಮಿತ್ ಮತ್ತು ಜೆನಿಫರ್ ಫ್ರೇಡ್ ವಾದಿಸಿದ್ದಾರೆ. 2014ರ ಅವರ ಲೇಖನ ಇದನ್ನು ‘ಸಾಂಸ್ಥಿಕ ದ್ರೋಹ’ ಎಂದು ಕರೆಯುತ್ತದೆ. ಇಡೀ ಮಧ್ಯಾಹ್ನದ ಹಗ್ಗಜಗ್ಗಾಟದ ಬಳಿಕ ನಡುದಾರಿಯೊಂದು ಸಿಕ್ಕಿತು. ಕ್ಷಮೆಯೂ ಬೇಡ, ಸಮರ್ಥನೆಯೂ ಬೇಡ. ಪುಸ್ತಕದಲ್ಲಿ ಏನಿದೆಯೋ ಅದನ್ನಷ್ಟೇ ಓದಿ ಹೇಳುವುದು.

ಆ ರಾತ್ರಿ ಪಾಳಿ ಆರಂಭಕ್ಕೆ ಮುನ್ನ ಮ್ಯಾನೇಜರ್ ಪುಸ್ತಕ ಹಿಡಿದು ನಿಂತರು. ಬರುವುದು ಅವರವರ ಇಷ್ಟವೆಂದು ಮೊದಲೇ ತಿಳಿಸಿದ್ದರೂ ಬಹುತೇಕ ಎಲ್ಲರೂ ಬಂದಿದ್ದರು. ‘ಕಂಬ ಬಾಗಿದೆ ಎಂಬ ದೂರು ಅಪಘಾತಕ್ಕೆ ಮುಂಚೆಯೇ ಇಲ್ಲಿ ದಾಖಲಾಗಿದೆ. ದುರಸ್ತಿ ಆಗಿರಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ವಿಚಾರಣೆ ಹೇಳಬೇಕು, ಹೇಳಿದ್ದನ್ನು ನಾನು ನಿಮಗೆ ಓದಿ ಹೇಳುತ್ತೇನೆ. ಪ್ರತಿ ಸೋಮವಾರ ಇದೇ ಹೊತ್ತಿಗೆ ಬರುತ್ತೇನೆ. ಹೊಸ ಸುದ್ದಿ ಇಲ್ಲದಿದ್ದರೆ ಇಲ್ಲವೆಂದು ಹೇಳಲಿಕ್ಕಾದರೂ ಬರುತ್ತೇನೆ.’ ಇಷ್ಟೇ. ಕೆಲವು ನಿಮಿಷಗಳಲ್ಲಿ ಮುಗಿಯಿತು.

ಎಲ್ಲರೂ ಹೋದ ಮೇಲೆ ಪಾಳಿ ಮುಖ್ಯಸ್ಥೆ ಮ್ಯಾನೇಜರ ಬಳಿ ಬಂದು ಪುಸ್ತಕ ನೋಡಬಹುದೇ ಎಂದು ಕೇಳಿದರು. ‘ಆ ಪುಟ ಇನ್ನೂ ಇದೆಯೇ ಸರ್? ಹರಿದು ಹಾಕಿರುತ್ತಾರೆ ಎಂದುಕೊಂಡಿದ್ದೆ’ ಎಂದರು. ತಮ್ಮ ಕೈಬರಹವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಬರೆದು ಸುಮ್ಮನಾದೆ, ಬೆನ್ನು ಹತ್ತಲಿಲ್ಲ, ಹಾಗಾಗಿ ಸಾವಿಗೆ ನಾನೇ ಕಾರಣ ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಎರಡು ತಿಂಗಳಿನಿಂದ ನಡೆದಿತ್ತೆಂಬುದು ಆಗ ಬಯಲಿಗೆ ಬಂತು. ಟಾರ್ಚಿನ ತಪಾಸಣೆ ಆ ಲೆಕ್ಕದ ಸಾಲ ತೀರಿಸುವ ದಾರಿ. ಅಂದಿನಿಂದ ಅವರು ಗುಣವಾದರು ಎಂದು ಬರೆದರೆ ಸುಳ್ಳಾಗುತ್ತದೆ. ವೈದ್ಯರನ್ನು ಕಾಣಬಹುದೇನೋ ಎಂಬ ಮಾತು ಅವರ ಬಾಯಿಂದ ಮೊದಲ ಬಾರಿ ಬಂದದ್ದು ಆ ವಾರ.

ಅವರ ವಿಷಯದಲ್ಲಿ ಇನ್ನೊಂದು ಮಾತುಕತೆ ಬಾಕಿಯಿತ್ತು, ಅದನ್ನು ಮ್ಯಾನೇಜರ್ ಮುಂದೂಡುತ್ತಲೇ ಇದ್ದರು. ಹೊಸ ಹುಡುಗನ ಮೇಲೆ ಫೈಲ್ ಎಸೆದದ್ದು. ಆಘಾತದ ಅರಿವುಳ್ಳ ನಾಯಕತ್ವವೆಂದರೆ ಏನು ಮಾಡಿದರೂ ಸಹಿಸಿಕೊಳ್ಳುವುದು ಎಂಬ ತಪ್ಪು ಕಲ್ಪನೆ ಎಲ್ಲೆಡೆ ಇದೆ. ವರ್ತನೆಗೆ ಕಾರಣ ತಿಳಿಯಿತೆಂದ ಮಾತ್ರಕ್ಕೆ ಆ ಹುಡುಗನಿಗೆ ಆದ ಅವಮಾನ ಕಡಿಮೆಯಾಗುವುದಿಲ್ಲ. ಅವನಿಗೂ ಸುರಕ್ಷಿತವಾಗಿ ದುಡಿಯುವ ಹಕ್ಕಿದೆ. ಕೊನೆಗೆ ಮ್ಯಾನೇಜರ್ ಬಾಗಿಲು ಮುಚ್ಚಿ ಅವರೊಂದಿಗೆ ಮಾತನಾಡಿದರು. ಆದದ್ದನ್ನು ವಿಶೇಷಣಗಳಿಲ್ಲದೆ ವಿವರಿಸಿದರು, ಅದು ಮತ್ತೆ ಆಗಬಾರದೆಂದು ಸ್ಪಷ್ಟವಾಗಿ ಹೇಳಿದರು, ಆಗದಿರಲು ನಿಮಗೇನು ಬೇಕೆಂದು ಕೇಳಿದರು. ಪಾಳಿಗೆ ಒಂದೇ ತಪಾಸಣೆ, ಅದೂ ಇಬ್ಬರು ಸೇರಿ, ಕೆಲಸದ ಸಮಯದೊಳಗೇ ಎಂದು ಇಬ್ಬರೂ ಒಪ್ಪಿಕೊಂಡರು. ಮುಖ್ಯಸ್ಥೆ ಹುಡುಗನಲ್ಲಿ ಕ್ಷಮೆ ಕೇಳಿದರು. ಆಶ್ಚರ್ಯವೆಂದರೆ, ಯಾರಾದರೂ ತಮ್ಮನ್ನು ಮಾಮೂಲಿ ಮನುಷ್ಯಳಂತೆ ಗದರಿದ್ದು ಅವರಿಗೆ ಸಮಾಧಾನ ತಂದಿತ್ತು.

ಚಾಲಕರೊಂದಿಗಿನ ಮಾತು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡನೆಯ ನೋಟಿಸನ್ನು ಕೈಬಿಟ್ಟ ಮೇಲೆ ಮ್ಯಾನೇಜರ್ ಚಾಲಕರನ್ನು ಕಂಡು ಮಾತನಾಡಬೇಕಿತ್ತು. ಎಲ್ಲಿ ಸಿಗೋಣ, ಜೊತೆಗೆ ಯಾರನ್ನಾದರೂ ಕರೆತರುತ್ತೀರಾ ಎಂಬ ಆಯ್ಕೆಯನ್ನು ಚಾಲಕರಿಗೇ ಬಿಟ್ಟರು. ಅವರು ಗೋದಾಮಿನ ಹೊರಗೆ ಸಿಗೋಣವೆಂದರು, ತಮ್ಮನನ್ನು ಕರೆತಂದರು. ಏನು ಹೇಳಬೇಕೆಂದು ಮ್ಯಾನೇಜರ್ ನನ್ನೊಂದಿಗೆ ಮೊದಲೇ ಅಭ್ಯಾಸ ಮಾಡಿದ್ದರು. ಇದನ್ನು ಕೇಳಿ ನಗುವವರಿದ್ದಾರೆ. ಆದರೆ ಆಸ್ಟ್ರೇಲಿಯಾದ ಅಗ್ನಿಶಾಮಕ ಸೇವೆಯೊಂದರಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವ್ಯವಸ್ಥಾಪಕರಿಗೆ ಕೊಟ್ಟದ್ದು ಕೇವಲ 4 ಗಂಟೆಗಳ ತರಬೇತಿ. ಕಷ್ಟದಲ್ಲಿರುವ ಸಿಬ್ಬಂದಿಯನ್ನು ಮಾತನಾಡಿಸುವುದು ಹೇಗೆಂಬುದೇ ಅದರ ಮುಖ್ಯ ಪಾಠ. ಅವರ ಕೈಕೆಳಗಿನ ಸಿಬ್ಬಂದಿಯಲ್ಲಿ ಕೆಲಸಕ್ಕೆ ಸಂಬಂಧಿಸಿದ ಅನಾರೋಗ್ಯ ರಜೆ ತಗ್ಗಿತು.

‘ನಿಮ್ಮನ್ನು ಕೇಳದೆ ನಿಮ್ಮ ಕೆಲಸ ಬದಲಿಸಿದೆ. ಅದು ಶಿಕ್ಷೆಯೆಂದು ನಿಮಗೆ ಅನಿಸಿರಬಹುದು’ ಎಂದು ಮ್ಯಾನೇಜರ್ ಆರಂಭಿಸಿದರು.

‘ಅನಿಸಿದ್ದಲ್ಲ ಸರ್, ನನಗೆ ಖಾತ್ರಿಯಿತ್ತು’ ಎಂದರು ಚಾಲಕರು.

ಮ್ಯಾನೇಜರ್ ಇಲ್ಲ ಇಲ್ಲವೆಂದು ಸಮಜಾಯಿಷಿಗೆ ಇಳಿಯಲಿಲ್ಲ, ಕಾದರು. ಅಭ್ಯಾಸದಲ್ಲಿ ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಈ ಕಾಯುವುದೇ. ಆ ಬಳಿಕ ಕೇಳಿದರು, ‘ನಿಮಗೆ ಯಾವ ಕೆಲಸ ಬೇಕು?’

ತುಂಬ ಹೊತ್ತಿನ ಮೇಲೆ ಉತ್ತರ ಬಂತು. ‘ಗಾಡಿ ಓಡಿಸಬಲ್ಲೆ ಸರ್. ಆ ಸದ್ದನ್ನು ಕೇಳಲಾರೆ.’

ರಿವರ್ಸ್ ಅಲಾರಂ! ಗೋದಾಮಿನ ಅಷ್ಟೂ ಗಾಡಿಗಳಲ್ಲಿ ಒಂದೇ ಬಗೆಯ ಬೀಪ್, ಬಿಲ್ಲುಗಳ ಕೋಣೆಯ ಕಿಟಕಿಗೂ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಪಾಯದ ಕ್ಷಣದಲ್ಲಿ ಸುತ್ತಲಿದ್ದ ಸದ್ದು, ವಾಸನೆ, ಬೆಳಕನ್ನು ಮಿದುಳು ಅಪಾಯದ ಗುರುತುಗಳಾಗಿಯೇ ಕಟ್ಟಿಟ್ಟುಕೊಳ್ಳುತ್ತದೆ. ಅವರನ್ನು ರಕ್ಷಿಸಲೆಂದು ಕೂರಿಸಿದ ಜಾಗದಲ್ಲಿ ದಿನವಿಡೀ ಅದೇ ಗುರುತು ಬಡಿಯುತ್ತಿತ್ತು. ಎರಡು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆಯೊಂದಕ್ಕೆ ಸಿಕ್ಕ ಉತ್ತರವಿದು.

ಸುರಕ್ಷತಾ ಅಧಿಕಾರಿ ತಕ್ಷಣ ಅಡ್ಡಬಂದರು, ಅದು ಅವರ ಧರ್ಮ. ಅಲಾರಂ ಆರಿಸುವಂತಿಲ್ಲ, ಆರಿಸಿದರೆ ಇನ್ನೊಂದು ಸಾವು. ಆದರೆ ಬದಲಿಸಲು ಬರುತ್ತದೆಯೇ ಎಂದು ಕೇಳಿದಾಗ ದಾರಿ ತೆರೆಯಿತು. ಒಂದೇ ಸ್ವರದ ಬೀಪ್‌ಗೆ ಬದಲಾಗಿ, ಅನೇಕ ಕಂಪನಾಂಕಗಳು ಬೆರೆತ, ‘ಶ್ಶ್... ಶ್ಶ್...’ ಎಂದು ಕೇಳುವ ಬ್ರಾಡ್‌ಬ್ಯಾಂಡ್ ಅಲಾರಂಗಳು ಮಾರುಕಟ್ಟೆಯಲ್ಲಿವೆ. ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕಿವಿಗೆ ಹೊಳೆಯುವುದು ಬೀಪ್‌ಗಿಂತ ಇದರಲ್ಲಿ ಸುಲಭ, ಹಾಗಾಗಿ ಸುರಕ್ಷತೆಯ ದೃಷ್ಟಿಯಿಂದಲೂ ಮೇಲು.

ಚಿಕಿತ್ಸಕರು ಎತ್ತಿದ ಆಕ್ಷೇಪವೂ ಇತ್ತು, ಅದು ತೂಕದ್ದು. ಘಟನೆಯನ್ನು ನೆನಪಿಸುವ ಎಲ್ಲವನ್ನೂ ತಪ್ಪಿಸುತ್ತ ಹೋದರೆ ಪಿಟಿಎಸ್‌ಡಿ ಕಡಿಮೆಯಾಗುವುದಿಲ್ಲ, ಬೇರೂರುತ್ತದೆ. ಈ ಕಾಯಿಲೆ ಏಕೆ ಉಳಿಯುತ್ತದೆಂದು ವಿವರಿಸಲು ಮನಃಶಾಸ್ತ್ರಜ್ಞರಾದ ಎಹ್ಲರ್ಸ್ ಮತ್ತು ಕ್ಲಾರ್ಕ್ 2000ದಲ್ಲಿ ಮುಂದಿಟ್ಟ ಮಾದರಿಯಲ್ಲಿ ಈ ತಪ್ಪಿಸಿಕೊಳ್ಳುವಿಕೆ ಕಾಯಿಲೆಯನ್ನು ಉಳಿಸುವ ಕಾರಣಗಳಲ್ಲೊಂದು. ಹಾಗಾದರೆ ಅಲಾರಂ ಬದಲಿಸುವುದು ಉಪಕಾರವೋ ಅಪಕಾರವೋ? ನಾವು ಚಾಲಕರನ್ನೇ ಕೇಳಿದೆವು. ಅವರ ಯೋಜನೆ ನಮ್ಮೆಲ್ಲರದ್ದಕ್ಕಿಂತ ಚೆನ್ನಾಗಿತ್ತು: ಮೊದಲು ಹೊಸ ಅಲಾರಂ ಇರುವ ಒಂದೇ ಗಾಡಿ, ಅದೂ ಹೊರಗಿನ ಅಂಗಳದಲ್ಲಿ. ಹಳೆಯ ಬೀಪ್ ದೂರದಿಂದ ಕೇಳುತ್ತಿರಲಿ, ಅದನ್ನು ಚಿಕಿತ್ಸೆಯಲ್ಲಿ ನೋಡಿಕೊಳ್ಳುತ್ತೇನೆ. ಒಳಗೆ ಯಾವಾಗ ಬರುತ್ತೇನೆಂಬುದನ್ನು ನಾನೇ ಹೇಳುತ್ತೇನೆ. ಅವರು ಆಘಾತ ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಆಘಾತದ ನೆನಪನ್ನು ಚಿಕಿತ್ಸಕರ ಜೊತೆ ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆ, ಪಡೆಯುತ್ತಿದ್ದ ತಿಂಗಳುಗಳಲ್ಲಿ ಮ್ಯಾನೇಜರ್ ಒಮ್ಮೆಯೂ ‘ಯಾವಾಗ?’ ಎಂದು ಕೇಳಲಿಲ್ಲ. ಚಿಕಿತ್ಸೆಯಲ್ಲಿ ಏನು ನಡೆಯುತ್ತಿದೆ ಎಂದೂ ಕೇಳಲಿಲ್ಲ, ಅದು ಅವರ ಅಧಿಕಾರದ ಹೊರಗಿನ ವಿಷಯ.

ಏನಾಯಿತು

ಗೈರುಹಾಜರಿ ಮೊದಲು ಇಳಿದದ್ದು ಪಾಳಿ ಪಟ್ಟಿಯ ನಿಯಮ ಜಾರಿಯಾದ ಮೇಲೆ. ನಾನು ನಿರೀಕ್ಷಿಸಿದ್ದಕ್ಕಿಂತ ಬೇಗ. ಸೋಮವಾರದ ಭೇಟಿಗಳಲ್ಲಿ ಹೆಚ್ಚಿನವು ‘ಹೊಸದೇನೂ ಇಲ್ಲ’ ಎಂಬಲ್ಲಿಗೇ ಮುಗಿದವು. ಒಂದು ವಾರ ಮ್ಯಾನೇಜರ್ ಊರಲ್ಲಿರಲಿಲ್ಲ, ಫೋನಿನ ಸ್ಪೀಕರಿನಲ್ಲಿ ಅಷ್ಟನ್ನೇ ಹೇಳಿದರು. ಆ ವಾರವೇ ತಂಡ ಅವರನ್ನು ನಂಬಿದ್ದೆಂದು ಹಿರಿಯ ಕೆಲಸಗಾರರೊಬ್ಬರು ಆಮೇಲೆ ಹೇಳಿದರು. ವಿಚಾರಣೆಯ ವರದಿ ಬಂದಾಗ ಮಾತು ಕೊಟ್ಟಂತೆ ಅದನ್ನು ಓದಿದರು. ದುರಸ್ತಿಗೆ ಅನುಮೋದನೆ ಕೊಡಬೇಕಿದ್ದ ಹುದ್ದೆ ತಿಂಗಳುಗಟ್ಟಲೆ ಖಾಲಿ ಇತ್ತೆಂಬುದು ಅದರ ತಿರುಳು.

ಎಲ್ಲವೂ ಫಲಿಸಲಿಲ್ಲ. ಜೊತೆಗಾರರ ಬೆಂಬಲಕ್ಕೆಂದು ತಂಡದಿಂದಲೇ ಇಬ್ಬರನ್ನು ಆರಿಸಿ ತರಬೇತಿ ಕೊಡಿಸಿದೆವು. ಅವರಲ್ಲಿ ಒಬ್ಬರು ಮೃತರನ್ನು ಹೊರಗೆಳೆದವರು. ಎಲ್ಲರ ದುಃಖ ಕೇಳುತ್ತ ಅವರೇ ಕುಸಿಯತೊಡಗಿದಾಗ ಬಿಡಿಸಬೇಕಾಯಿತು. ಪ್ಯಾಕಿಂಗ್ ವಿಭಾಗದ ಯುವತಿ ಕೆಲಸ ಬಿಟ್ಟರು. ಅವರ ಪಾಲಿಗೆ ನಾವು ಮಾಡಿದ್ದೆಲ್ಲ ತಡವಾಗಿತ್ತು. ಕಡ್ಡಾಯ ಸಭೆಯೊಂದು ನಡೆಯದೇ ಇದ್ದಿದ್ದರೆ ಅವರು ಇಂದಿಗೂ ಅಲ್ಲೇ ಇರುತ್ತಿದ್ದರೇನೋ ಎಂಬ ಪ್ರಶ್ನೆ ಮ್ಯಾನೇಜರನ್ನು ಕಾಡಿತು, ಅದಕ್ಕೆ ಸಾಂತ್ವನದ ಉತ್ತರ ನನ್ನ ಬಳಿ ಇರಲಿಲ್ಲ. ಪಾಳಿ ಮುಖ್ಯಸ್ಥೆಗೆ ಪಿಟಿಎಸ್‌ಡಿ ಇರುವುದು ಖಚಿತವಾಗಿ ಚಿಕಿತ್ಸೆ ನಡೆಯಿತು. ರಾತ್ರಿ ಪಾಳಿಗೆ ಅವರು ಮತ್ತೆ ಮರಳಲಿಲ್ಲ. ಹಗಲು ಪಾಳಿಯಲ್ಲಿ ಅದೇ ದರ್ಜೆಯ ಹುದ್ದೆ ಸಿಕ್ಕಿತು, ಹುದ್ದೆ ಇಳಿಸಿದಂತೆ ಕಾಣಬಾರದೆಂದು ಮ್ಯಾನೇಜರ್ ಪಟ್ಟು ಹಿಡಿದಿದ್ದರು. ಚಾಲಕರು ಅಂಗಳದಿಂದ ಒಳಗೆ ಬಂದರು, ಆದರೆ ಆ ಸಾಲಿಗಲ್ಲ. ಆ ಸಾಲಿಗೆ ಬೇರೆಯವರು ಹೋಗುತ್ತಾರೆ, ಅದನ್ನು ಯಾರೂ ಕೊರತೆಯೆಂದು ಬರೆದಿಡುವುದಿಲ್ಲ.

ಮೊದಲ ವರ್ಷ ತುಂಬುವ ಒಂದು ತಿಂಗಳು ಮುಂಚೆ ಮ್ಯಾನೇಜರ್ ತಂಡದ ಅಭಿಪ್ರಾಯ ಕೇಳಿದರು. ಆ ದಿನಾಂಕ ಹತ್ತಿರವಾದಂತೆ ಹಳೆಯ ಲಕ್ಷಣಗಳು ಮರುಕಳಿಸುವುದು ಸಾಮಾನ್ಯ, ಮೊದಲೇ ತಿಳಿದಿದ್ದರೆ ಅದು ಬಂದಾಗ ದಿಗಿಲು ಕಡಿಮೆ. ಕೆಲವರು ಸ್ಮರಣೆಯ ಕಾರ್ಯಕ್ರಮ ಬೇಕೆಂದರು, ಕೆಲವರು ಖಡಾಖಂಡಿತ ಬೇಡವೆಂದರು. ಬಹುಮತಕ್ಕೆ ಹಾಕದೆ, ಬೇಕಾದವರು ತಾವೇ ಸೇರಿಕೊಳ್ಳಲಿ, ರಜೆ ಬೇಕಾದವರಿಗೆ ಕಾರಣ ಕೇಳದೆ ರಜೆ, ಉಳಿದವರಿಗೆ ಮಾಮೂಲಿ ಪಾಳಿ ಎಂದು ತೀರ್ಮಾನಿಸಿದರು.

ಅದಾದ ಕೆಲವು ತಿಂಗಳಿಗೆ ಮ್ಯಾನೇಜರ್ ಬೇರೆಡೆಗೆ ವರ್ಗವಾದರು. ಹೊಸಬರು ಬಂದು ಎರಡು ವಾರದ ಮುನ್ಸೂಚನೆ ಕೆಲಸಕ್ಕೆ ಅಡ್ಡಿ ಎಂದು ಅದನ್ನು ತೆಗೆಯಲು ನೋಡಿದರು. ಅಷ್ಟರಲ್ಲಿ ಅದು ಕಾರ್ಯವಿಧಾನದ ಕೈಪಿಡಿ ಸೇರಿಯಾಗಿತ್ತು, ತೆಗೆಯಲು ಮೇಲಿನವರ ಅನುಮತಿ ಬೇಕಿತ್ತು, ಸಿಗಲಿಲ್ಲ. ರ‍್ಯಾಕುಗಳ ಮೂರು ಬಣ್ಣದ ವಿಂಗಡಣೆಯೂ ಬರವಣಿಗೆಯಲ್ಲಿದ್ದ ಕಾರಣ ಉಳಿಯಿತು. ಸೋಮವಾರದ ಭೇಟಿ ಎಲ್ಲಿಯೂ ಬರೆದಿರಲಿಲ್ಲ, ಹಳೆಯ ಮ್ಯಾನೇಜರ ಸ್ವಂತ ರೂಢಿಯಾಗಿತ್ತು. ಅದು ಎರಡನೆಯ ತಿಂಗಳಿಗೇ ನಿಂತಿತು. ಜೊತೆಗಾರರ ಬೆಂಬಲಕ್ಕೆ ಉಳಿದಿದ್ದ ಒಬ್ಬರು, ತಮಗೆ ಅದಕ್ಕಾಗಿ ಕೊಡುತ್ತಿದ್ದ ವಾರದ ಎರಡು ಗಂಟೆಗಳನ್ನು ಹೊಸ ಪಟ್ಟಿಯಲ್ಲಿ ಕಾಣದೆ ಮಾನವ ಸಂಪನ್ಮೂಲ ಅಧಿಕಾರಿಗೆ ಲಿಖಿತ ಮನವಿ ಕೊಟ್ಟಿದ್ದಾರೆ. ಅಧಿಕಾರಿ ಅದಕ್ಕೆ ಉತ್ತರಿಸಬೇಕಾದ ದಿನಾಂಕವನ್ನು ಈ ಬಾರಿ ಮನವಿಯ ಮೇಲೆಯೇ ನಮೂದಿಸಿ ಸಹಿ ಹಾಕಿದ್ದಾರೆ.